ಮ್ಯಾಗ್ನಮ್ ರಿವಾಲ್ವರಿನ ಎರಕದ ಗುಂಡು

ಕ್ರಿ. ಶ. 1935ರಲ್ಲಿ ಅಮೆರಿಕಾದ ಸ್ಮಿತ್ ಮತ್ತು ವೆಸನ್ ಸಂಸ್ಥೆಯವರು .357 ಮ್ಯಾಗ್ನಮ್ ರಿವಾಲ್ವರನ್ನು ಹೊರತಂದರು. ಇದರ ತೋಟಾ ಹಿಂದಣ .38 ಸ್ಪೆಷಲ್ ತೋಟಾಕ್ಕಿಂತ ಅಂಗುಲದ ಎಂಟನೆಯ ಒಂದು ಭಾಗದಷ್ಟು ಉದ್ದವಾದುದು. ಬಲವಾದ ತೋಟಾ ಹಳೆಯ ರಿವಾಲ್ವರುಗಳಲ್ಲಿ ಸೇರಬಾರದೆಂಬುದೇ ಇದರ ಉದ್ದೇಶ. 158 ಗ್ರೈನ್ ತೂಕದ ಸೀಸದ ಗುಂಡು 8¾ ಅಂಗುಲದ ನಳಿಗೆಯಿಂದ ಸೆಕೆಂಡಿಗೆ ಸುಮಾರು 1500 ಅಡಿ ವೇಗದಲ್ಲಿ ಹೊರಡುತ್ತಿದ್ದಿತು.

ಈ ವೇಗವೇ ತೊಡಕಿಗೂ ಕಾರಣವಾಯಿತು. ಸೀಸವು ನಳಿಗೆಯ ಒಳಮೈಗೆ ಮೆತ್ತಿಕೊಂಡು ಗುರಿಯನ್ನು ಕೆಡಿಸುತ್ತಿದ್ದಿತು. ತವರ, ಆಂಟಿಮನಿಗಳನ್ನು ಬೆರೆಸಿ ಸೀಸವನ್ನು ಗಟ್ಟಿಮಾಡಿದರೆ ಸಾಕೆಂದು ಹಲವರು ಭಾವಿಸಿದರು. ಇದು ಅರ್ಧಸತ್ಯವು. ಹೇಗೆಂದರೆ, ಗುಂಡು ನಳಿಗೆಗಿಂತ ಕಿರಿದಾಗಿದ್ದರೆ ಮದ್ದಿನ ಬಿಸಿ ಅನಿಲವು ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆಯುವುದು. ಹದವಾದ ಗುಂಡು ಒತ್ತಡಕ್ಕೆ ಹಿಗ್ಗಿ ಆ ಸಂದನ್ನು ಮುಚ್ಚಬಲ್ಲದು. ಅತಿ ಗಟ್ಟಿಯಾದುದು ಮುಚ್ಚಲಾರದು. ಆದುದರಿಂದ ಅಳತೆಯ ಹೊಂದಿಕೆಯೇ ಮೊದಲನೆಯ ಲಕ್ಷಣ, ಕಾಠಿಣ್ಯವು ಎರಡನೆಯದು.

ಆಕಾರದ ವಿಚಾರದಲ್ಲಿ ಎಲ್ಮರ್ ಕೀತ್‌ನ (1899–1984) ಹೆಸರು ಮುಖ್ಯವಾದುದು. ಚಪ್ಪಟೆಯಾದ ಮೂತಿ, ಅಗಲವಾದ ಹೆಗಲು, ಜಿಡ್ಡು ತುಂಬಲು ಆಳವಾದ ಕಾಲುವೆ—ಇವು ಆತನು ರೂಪಿಸಿದ ಗುಂಡಿನ ಗುರುತುಗಳು. ಆದರೆ ಆತನ .38 ಗುಂಡಿನ ಮೂತಿ ಉದ್ದವಾದುದರಿಂದ, .357ರ ತೋಟಾದಲ್ಲಿ ಅದನ್ನು ಕೂರಿಸಿದಾಗ ಸ್ಮಿತ್ ಮತ್ತು ವೆಸನ್ನರ ತಿರುಗುಕೋಣೆಯಿಂದ ತುದಿ ಹೊರಚಾಚುತ್ತಿದ್ದಿತು. ಉತ್ತಮವಾದ ಗುಂಡೂ ತನ್ನದಲ್ಲದ ಆಯುಧಕ್ಕೆ ಒಗ್ಗದು.

1955ರ ಕೊನೆಯಲ್ಲಿ .44 ಮ್ಯಾಗ್ನಮ್ ಬಂದಾಗ ರೆಮಿಂಗ್ಟನ್ ಸಂಸ್ಥೆಯವರು 240 ಗ್ರೈನ್ ಸೀಸದ ಗುಂಡಿನ ಬುಡಕ್ಕೆ ಬಿಸಿ ಅನಿಲವನ್ನು ತಡೆಯುವ ಲೋಹದ ಬಟ್ಟಲನ್ನು ತೊಡಿಸಿದರು. ಇಪ್ಪತ್ತು ವರ್ಷಗಳ ಅನುಭವದ ಫಲವು ಇದರಲ್ಲಿ ಕಾಣುತ್ತದೆ. ವೇಗವನ್ನು ಮದ್ದು ಕೊಟ್ಟಿತು. ಅದನ್ನು ತಾಳುವ ಶಕ್ತಿಯು ಗುಂಡಿನ ಅಳತೆ, ಹದ, ಬುಡಗಳಿಂದ ಬಂದಿತು.