ಡೆಸ್ಕ್‌ಟಾಪ್ ಆಪರೇಟಿಂಗ್ ಸಿಸ್ಟಂ ಉನ್ನತೀಕರಣ: ಹಳೆಯ ಬೆಂಗಳೂರಿನ ಕನ್ನಡ ಅಕ್ಷರ ಜೋಡಣೆಯಲ್ಲಿ ಅದರ ಲಾಭ-ನಷ್ಟ

ಆಪರೇಟಿಂಗ್ ಸಿಸ್ಟಂ ಉನ್ನತೀಕರಣ : ಮೇಜಿನ ಗಣಕವನ್ನು ನಡೆಸುವ ಮೂಲ ತಂತ್ರಾಂಶವನ್ನು ಹಳೆಯ ಆವೃತ್ತಿಯಿಂದ ಹೊಸದಕ್ಕೆ ಬದಲಿಸುವ ಕೆಲಸ. ಆಡುಮಾತಿನಲ್ಲಿ ‘ಹೊಸ ವಿಂಡೋಸ್ ಹಾಕಿಸುವುದು’ ಅಥವಾ ‘ಫಾರ್ಮ್ಯಾಟ್ ಹೊಡೆಸುವುದು’. ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ತೊಂದರೆ. ಇರುವುದರ ಮೇಲೆಯೇ ಹೊಸ ಆವೃತ್ತಿ ಕೂರಿಸಿದರೆ ಕಡತಗಳೂ ಬಹುಪಾಲು ತಂತ್ರಾಂಶಗಳೂ ಉಳಿಯುತ್ತವೆ. ವಿಂಡೋಸ್ 10 ಮತ್ತು 11 ಹಳೆಯ ವ್ಯವಸ್ಥೆಯನ್ನು ಸಾಮಾನ್ಯವಾಗಿ ಹತ್ತು ದಿನ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತವೆ, ಮನಸ್ಸಿಗೆ ಬಾರದಿದ್ದರೆ ಹಿಂದಿರುಗಬಹುದು. ಫಾರ್ಮ್ಯಾಟ್ ಹೊಡೆಸಿದರೆ ‘ಸಿ’ ಡ್ರೈವ್ ಪೂರ್ತಿ ಅಳಿಸಿಹೋಗುತ್ತದೆ.

ಕನ್ನಡದ ಮಟ್ಟಿಗೆ ಉನ್ನತೀಕರಣದ ಒಳಿತು ಕೆಡಕುಗಳು ಎದ್ದು ಕಾಣುವುದು ಬೆಂಗಳೂರಿನ ಹಳೆಯ ಬಡಾವಣೆಗಳ ಡಿಟಿಪಿ ಕೇಂದ್ರಗಳಲ್ಲಿ, ಅಂದರೆ ಗಣಕದಲ್ಲಿ ಪುಟ ಜೋಡಿಸಿಕೊಡುವ ಅಂಗಡಿಗಳಲ್ಲಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನ ಚಾಮರಾಜಪೇಟೆ, ಪುಸ್ತಕದಂಗಡಿಗಳ ಗಾಂಧಿಬಜಾರು, ಮಲ್ಲೇಶ್ವರದ ಅಡ್ಡರಸ್ತೆಗಳು ಪುಸ್ತಕ ಬರೆಯುವವರೂ ಅಚ್ಚು ಹಾಕಿಸುವವರೂ ಓಡಾಡುವ ಜಾಗ. ಮೊಳೆ ಜೋಡಿಸುವ ಕಾಲ ಮುಗಿದು ಕೆಲಸ ಗಣಕಕ್ಕೆ ಬಂದರೂ ಪುಸ್ತಕದ ಎರಡನೆಯ ಪುಟದಲ್ಲಿ ಇಂದಿಗೂ ‘ಅಕ್ಷರ ಜೋಡಣೆ’ ಎಂದೇ ಅಚ್ಚಾಗುತ್ತದೆ. ಕವನ ಸಂಕಲನ, ಅಭಿನಂದನ ಗ್ರಂಥ, ಸಂಘದ ವಾರ್ಷಿಕ ವರದಿ, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕಾರ್ಡು ಎಲ್ಲವೂ ಒಂದೇ ಗಣಕದಿಂದ ಹೊರಡುತ್ತವೆ. ಇಪ್ಪತ್ತು ವರ್ಷದ ಹಿಂದಿನ ಲಗ್ನಪತ್ರಿಕೆಯ ಕಡತ ತೆರೆದು ಹೆಸರು, ಮುಹೂರ್ತ, ಛತ್ರ ಬದಲಿಸಿದರೆ ಹೊಸ ಪತ್ರಿಕೆ ಸಿದ್ಧ. ಹಳೆಯ ಕಡತ ತೆರೆಯಬೇಕು ಎಂಬ ಈ ಒಂದು ಅಗತ್ಯದ ಮುಂದೆ ಹೊಸ ವಿಂಡೋಸಿನ ಬಣ್ಣ ಬೆಡಗು ಯಾವ ಲೆಕ್ಕಕ್ಕೂ ಇಲ್ಲ.

ಹಾಗೆಂದು ಉನ್ನತೀಕರಣದಿಂದ ಕನ್ನಡಕ್ಕೆ ಆದ ಉಪಕಾರವನ್ನು ಮರೆಯುವಂತಿಲ್ಲ. 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ಎಲ್ಲ ಗಣಕಗಳಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತವಾದ ಯೂನಿಕೋಡ್‌ನ ಕನ್ನಡವನ್ನು ಅರ್ಥಮಾಡಿಕೊಂಡ ಮೊದಲ ವಿಂಡೋಸ್. ಅದರ ಹಿಂದಿನ ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಇದ್ದವು, ಕನ್ನಡ ಇರಲಿಲ್ಲ. ಎಕ್ಸ್‌ಪಿಯಲ್ಲೂ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಭಾಷೆಯ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಮುಂದಿನ ಚೌಕಕ್ಕೆ ಗುರುತು ಹಾಕಿ, ಸೀಡಿ ತುರುಕಿ, ಗಣಕವನ್ನು ಮತ್ತೆ ಚಾಲೂ ಮಾಡಬೇಕಿತ್ತು. ಸೀಡಿ ಕಳೆದುಕೊಂಡವರಿಗೆ ಕನ್ನಡ ಜಾಲತಾಣಗಳೆಲ್ಲ ಬರಿಯ ಚೌಕಗಳ ಸಾಲು. ಇಲ್ಲವೇ ಒತ್ತು ಒಂದು ಕಡೆ, ಕೊಂಬು ಇನ್ನೊಂದು ಕಡೆ. 2007ರ ವಿಸ್ತಾ ಈ ಗೋಳನ್ನು ತಪ್ಪಿಸಿತು, ಕನ್ನಡ ಮೊದಲೇ ಕೂತು ಬಂತು. 2009ರ ವಿಂಡೋಸ್ 7ರ ಹೊತ್ತಿಗೆ ಕನ್ನಡ ಓದುವುದಕ್ಕೆ ಯಾರೂ ಏನನ್ನೂ ‘ಹಾಕಿಸ’ಬೇಕಾಗಿರಲಿಲ್ಲ. ಮೆನುಗಳನ್ನೂ ಕನ್ನಡದಲ್ಲಿ ತೋರಿಸುವ ಭಾಷಾ ಪೊಟ್ಟಣಗಳು ಬಂದವು. ‘ಫೈಲ್’, ‘ಸೇವ್’ ಎಂದೇ ಕೈ ಪಳಗಿದವರು ಅವುಗಳ ತಂಟೆಗೆ ಹೋದದ್ದು ಕಡಮೆ.

ಕೀಲಿಮಣೆಯ ವಿಷಯದಲ್ಲಿ ಲಾಭ ಅಷ್ಟಾಗಿ ಆಗಲಿಲ್ಲ. ವಿಂಡೋಸ್ ಬಹುಕಾಲ ಕೊಟ್ಟದ್ದು ಇನ್‌ಸ್ಕ್ರಿಪ್ಟ್ ವಿನ್ಯಾಸ. 2019ರಲ್ಲಿ ವಿಂಡೋಸ್ 10ಕ್ಕೆ ಉಚ್ಚಾರಾಧಾರಿತ ಕೀಲಿಮಣೆಯೂ ಸೇರಿತು. ಡಿಟಿಪಿಯವರ ಬೆರಳಿಗೆ ರೂಢಿಯಾಗಿರುವುದು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಅದಕ್ಕಾಗಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವನ್ನೋ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ವನ್ನೋ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು.

ತೊಡಕಿನ ಬೇರು ಇರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್‌ಗೆ ಮೊದಲು ಕನ್ನಡ ಫಾಂಟುಗಳು ಇಂಗ್ಲಿಷ್ ಮತ್ತು ಇತರ ಐರೋಪ್ಯ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ಸಾಗಿಸುತ್ತಿದ್ದವು. ಇವನ್ನು ‘ಆನ್ಸಿ’ ಫಾಂಟ್ ಎನ್ನುತ್ತಾರೆ. ನುಡಿಯ ಆನ್ಸಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದಲ್ಲಿ ಉಳಿಯುವುದು ಏಳು ಸಂಕೇತ: ‘ಕ’ದ ಒಡಲಿಗೆ ಇಂಗ್ಲಿಷಿನ ‘ಪಿ’, ಅದರ ತಲೆಕಟ್ಟಿಗೆ ನೆತ್ತಿಯ ಮೇಲೆ ಓರೆಗೀಟು ಹೊತ್ತ ಫ್ರೆಂಚ್ ‘ಎ’, ‘ನ’ದ ಒಡಲಿಗೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ತಲೆಕಟ್ಟು, ನ-ಒತ್ತಿಗೆ ಜರ್ಮನ್ನಿನ ಜೋಡಿ ‘ಎಸ್’, ‘ಡ’ಕ್ಕೆ ‘ಕ್ಯೂ’, ಕೊನೆಗೆ ಇನ್ನೊಂದು ತಲೆಕಟ್ಟು. ಅದೇ ಪದಕ್ಕೆ ಯೂನಿಕೋಡ್‌ನಲ್ಲಿ ಐದೇ ಸಂಕೇತ, ಐದೂ ಕನ್ನಡದವೇ. ಆನ್ಸಿ ಕಡತಕ್ಕೆ ತನ್ನದೇ ಫಾಂಟು ಸಿಕ್ಕರೆ ಅದು ಕನ್ನಡ. ಸಿಗದಿದ್ದರೆ ಪೌಂಡು, ಓರೆಗೀಟುಗಳ ಸಂತೆ. ಅದೂ ಎಲ್ಲರಿಗೂ ಒಂದೇ ಸಂಕೇತವಲ್ಲ: ನುಡಿಯದು ಒಂದು, ಶ್ರೀಲಿಪಿ ಎಂಬ ತಂತ್ರಾಂಶದ್ದು ಇನ್ನೊಂದು.

ಫಾರ್ಮ್ಯಾಟ್ ಹೊಡೆಸುವಾಗ ಏಟು ಬೀಳುವುದು ಇಲ್ಲಿಯೇ. ‘ಡೇಟಾ ಎಲ್ಲ ಡಿ ಡ್ರೈವ್‌ನಲ್ಲಿದೆ, ಯೋಚನೆ ಬೇಡ’ ಎಂಬ ಮಾತು ರಿಪೇರಿಯವರ ಬಾಯಲ್ಲೂ ಇದೆ, ಮಾಲೀಕರ ಬಾಯಲ್ಲೂ ಇದೆ. ಡೇಟಾ ಅಲ್ಲಿರುವುದು ನಿಜ. ಫಾಂಟುಗಳು ಇರುವುದು ಮಾತ್ರ ‘ಸಿ’ ಡ್ರೈವ್‌ನ ವಿಂಡೋಸ್ ಫೋಲ್ಡರಿನ ಒಳಗೆ. ಡೆಸ್ಕ್‌ಟಾಪ್ ಮೇಲೆ ಇಟ್ಟ ‘ಅರ್ಜೆಂಟ್’, ‘ಕೊನೇ ಪ್ರೂಫ್’ ಫೋಲ್ಡರುಗಳೂ ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಹೊಸ ವಿಂಡೋಸ್ ಬಂದ ಮೇಲೆ ನೂರಾರು ಪುಸ್ತಕದ ಕಡತಗಳು ಭದ್ರವಾಗಿದ್ದೂ ಒಂದನ್ನೂ ಓದಲಾಗದು.

ಯೂನಿಕೋಡ್ ಕಡತಗಳಿಗೂ ಪೂರ್ಣ ಅಭಯವಿಲ್ಲ. ಎಕ್ಸ್‌ಪಿಯಿಂದ ವಿಂಡೋಸ್‌ನ ಕನ್ನಡ ಫಾಂಟಾಗಿದ್ದದ್ದು ‘ತುಂಗಾ’. ವಿಂಡೋಸ್ 8ರಲ್ಲಿ ಭಾರತೀಯ ಲಿಪಿಗಳಿಗೆಲ್ಲ ಒಂದೇ ಆದ ‘ನಿರ್ಮಲಾ’ ಬಂತು, ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕ ಫಾಂಟುಗಳ ಪಟ್ಟಿಗೆ ಸರಿಯಿತು. ತುಂಗಾದಲ್ಲಿ ಜೋಡಿಸಿದ ವರ್ಡ್ ಕಡತವನ್ನು ಅದಿಲ್ಲದ ಹೊಸ ಗಣಕದಲ್ಲಿ ತೆರೆದರೆ ಅಕ್ಷರಗಳು ಸರಿಯಾಗಿಯೇ ಕಾಣುತ್ತವೆ, ಆದರೆ ಅಗಲ ಬೇರೆ. ಸಾಲು ಬೇರೆ ಕಡೆ ಮುರಿಯುತ್ತದೆ, ಪುಟಗಳು ಸರಿಯುತ್ತವೆ, ಪರಿವಿಡಿಯ ಪುಟಸಂಖ್ಯೆ ಸುಳ್ಳಾಗುತ್ತದೆ. ಕಣ್ಣಿಗೆ ರಾಚುವ ತಪ್ಪಲ್ಲವಾದ್ದರಿಂದ ಇದು ಅಚ್ಚಾದ ಮೇಲೆಯೇ ಗೊತ್ತಾಗುವ ಅಪಾಯ ಹೆಚ್ಚು. ಇದಕ್ಕೆ ಮದ್ದು ಸುಲಭ: ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳಿಂದ ಕನ್ನಡದ ಪೂರಕ ಫಾಂಟುಗಳನ್ನು ಸೇರಿಸಿಕೊಂಡರಾಯಿತು.

ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರ್‌ನ ಕಥೆ ಅಷ್ಟು ಸುಲಭದ್ದಲ್ಲ. 2001ರ 7ನೆಯ ಆವೃತ್ತಿಯೇ ಅದರ ಕೊನೆಯದು. ಯೂನಿಕೋಡ್ ಅದಕ್ಕೆ ತಿಳಿಯದು. ಹೊಸ ವಿಂಡೋಸ್‌ನಲ್ಲಿ ಅದನ್ನು ಹೇಗೋ ಓಡಿಸುವವರಿದ್ದಾರೆ, ಕೈಕೊಟ್ಟರೆ ಕೇಳುವವರಿಲ್ಲ. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ ಸಿಎಸ್6ರವರೆಗೆ ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತಿತ್ತು, ಆಮೇಲಿನ ಆವೃತ್ತಿಗಳು ಆ ಬಾಗಿಲನ್ನು ಮುಚ್ಚಿದವು. 2012ರ ಅದೇ ಸಿಎಸ್6ರಲ್ಲಿ ಕನ್ನಡ ಯೂನಿಕೋಡ್ ಜೋಡಣೆಯೂ ಬಂತು. ಹಳತು ಹೊಸತರ ನಡುವಿನ ಹೊಸ್ತಿಲಂತಿರುವ ಈ ಆವೃತ್ತಿಯನ್ನು ಇಟ್ಟುಕೊಂಡಿರುವ ಕೇಂದ್ರಗಳು ಜಾಣರವು.

ಯಂತ್ರಭಾಗಗಳದ್ದು ಇನ್ನೊಂದು ತಕರಾರು. 64 ಬಿಟ್‌ನ ವಿಂಡೋಸ್ 32 ಬಿಟ್‌ನ ಡ್ರೈವರುಗಳನ್ನು ಒಪ್ಪುವುದಿಲ್ಲ, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಬಟರ್ ಪೇಪರ್ ಮೇಲೆ ಪುಟ ತೆಗೆಯುವ ಹಳೆಯ ಲೇಸರ್ ಪ್ರಿಂಟರಿಗೆ ಕಂಪನಿ ಹೊಸ ಡ್ರೈವರ್ ಬರೆದಿರದಿದ್ದರೆ ಪ್ರಿಂಟರ್ ಗಟ್ಟಿಮುಟ್ಟಾಗಿದ್ದರೂ ಮೂಲೆ ಸೇರುತ್ತದೆ. ಲಿಪಿ ತಂತ್ರಾಂಶಗಳ ಬೀಗವಾದ ಡಾಂಗಲ್‌ಗೂ ಅದೇ ಗತಿ.

ಇಷ್ಟೆಲ್ಲ ಇದ್ದರೂ ಉನ್ನತೀಕರಣವನ್ನು ಮುಂದೂಡುತ್ತಲೇ ಹೋಗಲಾಗದು, ಕಾರಣ ಭದ್ರತೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಲೋಕದಾದ್ಯಂತ ಗಣಕಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದಾಗ, ಬೆಂಬಲವಿದ್ದ ಆವೃತ್ತಿಗಳಿಗೆ ಅದರ ತೇಪೆ ಎರಡು ತಿಂಗಳ ಮೊದಲೇ ಬಂದಿತ್ತು, ಸಿಕ್ಕಿಬಿದ್ದದ್ದು ಹಾಕಿಕೊಳ್ಳದವರು. ಪೆನ್‌ಡ್ರೈವ್‌ನಲ್ಲಿ ಹಸ್ತಪ್ರತಿ ಹಿಡಿದು ಬರುವ ಹತ್ತಾರು ಜನರಿಗೆ ತೆರೆದ ಡಿಟಿಪಿ ಗಣಕಕ್ಕೆ ಸೋಂಕು ತಗಲುವುದು ಸುಲಭ.

ವೇಗವನ್ನು ಉನ್ನತೀಕರಣದ ಗುಣವೆಂದು ಹೊಗಳುವುದು ಸಾಮಾನ್ಯವಾಗಿ ತಪ್ಪು ಲೆಕ್ಕ. ‘ಹೊಸ ವಿಂಡೋಸ್ ಹಾಕಿಸಿದೆ, ಗಾಳಿ ಥರ ಓಡ್ತಿದೆ’ ಎನ್ನುವವರ ಗಣಕ ಬಿಚ್ಚಿ ನೋಡಿದರೆ ಎಸ್‌ಪಿ ರಸ್ತೆಯ ಗಣಕದಂಗಡಿಯಿಂದ ತಂದ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕು ಕಾಣುತ್ತದೆ. ವೇಗ ಬಂದದ್ದು ಬಹುಪಾಲು ಅದರಿಂದ. ವಿಂಡೋಸ್ ತಾನು ಕೇಳುವ ಜಾಗವನ್ನು ಹೆಚ್ಚಿಸಿಕೊಳ್ಳುತ್ತಲೇ ಬಂದಿದೆ: ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ರ‍್ಯಾಮ್ ಸಾಕಿತ್ತು, ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ, ಅಂದರೆ ಅರವತ್ತನಾಲ್ಕು ಪಟ್ಟು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರಾದರೆ ಹೆಚ್ಚುಕಡಮೆ ಎಂಟನೆಯ ಪೀಳಿಗೆ ಅಥವಾ ಅದರ ಮೇಲಿನದಾಗಿರಬೇಕು. ಚೆನ್ನಾಗಿ ದುಡಿಯುತ್ತಿರುವ ಗಣಕವನ್ನು ಈ ನಿಯಮ ಒಂದೇ ಏಟಿಗೆ ಹಳತಾಗಿಸಿತು. ವಿಂಡೋಸ್ 11ರ ದೊಡ್ಡ ದೋಷ ಇದೇ. ಅಂಥ ಯಂತ್ರಗಳಲ್ಲಿ ಉಬುಂಟು ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದರೆ ಯೂನಿಕೋಡ್ ಕನ್ನಡ, ಲಿಬ್ರೆ ಆಫೀಸ್, ಅಂತರಜಾಲ ಎಲ್ಲ ಚೆನ್ನಾಗಿಯೇ ನಡೆಯುತ್ತವೆ. ಪೇಜ್‌ಮೇಕರ್, ಕೋರೆಲ್‌ಡ್ರಾ ನಂಬಿದ ಅಂಗಡಿಗೆ ಅದು ದಾರಿಯಲ್ಲ.

ಆದ್ದರಿಂದ ಕನ್ನಡ ಅಕ್ಷರ ಜೋಡಣೆಯ ಗಣಕದಲ್ಲಿ ಕೆಲಸದ ಕ್ರಮವೇ ಮುಖ್ಯ. ಮೊದಲು ಫಾಂಟುಗಳ ಫೋಲ್ಡರನ್ನು ಪೂರ್ತಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಬೇಕು. ಮುಗಿದ ಪುಸ್ತಕಗಳನ್ನೆಲ್ಲ ಫಾಂಟು ಅಡಕವಾದ ಪಿಡಿಎಫ್ ಮಾಡಿಡಬೇಕು. ಮರುಮುದ್ರಣಕ್ಕೆ ಅಷ್ಟೇ ಸಾಕಾಗುತ್ತದೆ. ಮತ್ತೆ ತಿದ್ದಬೇಕಾದ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ನುಡಿ, ಬರಹಗಳಲ್ಲಿ ಪರಿವರ್ತಕಗಳಿವೆ. ನಡುವೆ ಬರುವ ಇಂಗ್ಲಿಷ್ ಪದಗಳನ್ನೂ ಅವು ಕನ್ನಡವೆಂದು ಬಗೆದು ಕೆಡಿಸಬಹುದಾದ್ದರಿಂದ ಇನ್ನೊಂದು ಸುತ್ತು ಕರಡು ತಿದ್ದುವುದು ತಪ್ಪದು. ಯುಪಿಎಸ್ ಇಲ್ಲದೆ ಉನ್ನತೀಕರಣ ಶುರುಮಾಡಬಾರದು, ನಡುವೆ ಕರೆಂಟು ಹೋದರೆ ಗಣಕ ಏಳದೆಯೂ ಹೋಗಬಹುದು. ಸ್ಥಳವಿದ್ದರೆ ಹಳೆಯ ಯಂತ್ರವೊಂದನ್ನು ಅಂತರಜಾಲದ ತಂತಿ ಕಿತ್ತು, ಹಳೆಯ ಕಡತ ತೆರೆಯಲೆಂದೇ ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಈ ಸಿದ್ಧತೆಯನ್ನು ಬಹಳ ಮುಂದೂಡುವಂತಿಲ್ಲ: ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆಬಳಕೆಯ ಗಣಕಗಳನ್ನು ವಿಸ್ತೃತ ಭದ್ರತಾ ಯೋಜನೆಗೆ ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ತೇಪೆಗಳು ಬರುತ್ತವೆ ಎಂದು ಕಂಪನಿ ಪ್ರಕಟಿಸಿತು.