ಪಿರಿಡಾಕ್ಸಿನ್ ಮತ್ತು ಲೆವೊಡೋಪಾ: ಒಂದು ನಿಷೇಧದ ಚರಿತ್ರೆ

ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ ತೆಗೆದುಕೊಳ್ಳುವವರು ಬಿ-ಕಾಂಪ್ಲೆಕ್ಸ್ ಮಾತ್ರೆ ಮುಟ್ಟಬಾರದೆಂಬ ಮಾತು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಈ ಎಚ್ಚರಿಕೆ ಹುಟ್ಟಿದ್ದು ಸಕಾರಣವಾಗಿಯೇ. ಆದರೆ ಆ ಕಾರಣ 1970ರ ದಶಕದಲ್ಲೇ ಬಹುಮಟ್ಟಿಗೆ ಇಲ್ಲವಾಯಿತು ಎಂಬುದು ಈ ಲೇಖನದ ವಾದ.

ಬಿ-ಕಾಂಪ್ಲೆಕ್ಸ್‌ನಲ್ಲಿರುವ ಬಿ6 ವಿಟಮಿನ್ನನ್ನು, ಅಂದರೆ ಪಿರಿಡಾಕ್ಸಿನ್ನನ್ನು, ಪಾಲ್ ಗ್ಯೋರ್ಗಿ 1934ರಲ್ಲಿ ಗುರುತಿಸಿದರು. 1939ರಲ್ಲಿ ಅದರ ಕೃತಕ ತಯಾರಿಕೆ ಸಾಧ್ಯವಾಯಿತು. ಮರುವರ್ಷವೇ ಅಮೆರಿಕದಲ್ಲಿ ನಾರ್ಮನ್ ಜಾಲಿಫ್ ಮೊದಲಾದವರು ಅದನ್ನು ಪಾರ್ಕಿನ್ಸನ್ ರೋಗಿಗಳಿಗೆ ಕೊಟ್ಟು ನೋಡಿದರು. ಹೊಸ ವಿಟಮಿನ್ ಸಿಕ್ಕಿದರೆ ಸಾಕು, ಗುಣವಾಗದ ಕಾಯಿಲೆಗಳಿಗೆಲ್ಲ ಪ್ರಯೋಗಿಸುವ ಉಮೇದು ಆ ಕಾಲದ್ದು. ಮಿದುಳಿನಲ್ಲಿ ಕೊರತೆ ಯಾವುದರದ್ದು ಎಂಬುದೇ ಆಗ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು 1960ರಲ್ಲಿ. ವಿಯೆನ್ನಾದ ಎಹ್ರಿಂಗರ್ ಮತ್ತು ಹಾರ್ನಿಕೀವಿಚ್, ತೀರಿಕೊಂಡ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ತೀರಾ ಕುಸಿದಿದ್ದುದನ್ನು ಕಂಡರು. ಡೋಪಮೈನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟದು. ಅದರ ಹಿಂದಿನ ರೂಪವಾದ ಲೆವೊಡೋಪಾ ದಾಟುತ್ತದೆ. (ನಸುಗುನ್ನಿ ಬೀಜದಿಂದ ಲೆವೊಡೋಪಾವನ್ನು ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಬೇರ್ಪಡಿಸಿದ್ದರು. ಅದು ಯಾವ ಕಾಯಿಲೆಗೆ ಮದ್ದಾಗಬಲ್ಲದೆಂದು ಅಂದು ಊಹಿಸುವಂತಿರಲಿಲ್ಲ.) 1967ರಲ್ಲಿ ಜಾರ್ಜ್ ಕೊಟ್ಸಿಯಾಸ್ ದಿನಕ್ಕೆ 3ರಿಂದ 16 ಗ್ರಾಂವರೆಗೆ ಡೋಪಾ ಕೊಟ್ಟು ಒಳ್ಳೆಯ ಫಲಿತಾಂಶ ಪಡೆದರು.

ಇಷ್ಟೊಂದು ಗ್ರಾಂ ಏಕೆ ಬೇಕಾಯಿತು? ಡೋಪಾವನ್ನು ಡೋಪಮೈನ್ ಮಾಡುವ ಕಿಣ್ವ ಮಿದುಳಿನಲ್ಲಿರುವಂತೆ ಕರುಳು, ಯಕೃತ್ತು, ಮೂತ್ರಪಿಂಡಗಳಲ್ಲೂ ಇದೆ. ನುಂಗಿದ ಮದ್ದಿನ ಬಹುಪಾಲು ದಾರಿಯಲ್ಲೇ ಡೋಪಮೈನಾಗಿ ವ್ಯರ್ಥವಾಗುತ್ತದೆ, ಜೊತೆಗೆ ವಾಂತಿಯನ್ನೂ ತರುತ್ತದೆ. ಈ ಕಿಣ್ವ ಕೆಲಸ ಮಾಡಲು ಬೇಕಾದ ಸಹಾಯಕವೇ ಬಿ6ರ ಸಕ್ರಿಯ ರೂಪ. 1969ರಲ್ಲಿ ನ್ಯೂಯಾರ್ಕಿನ ಡ್ಯುವೊಯ್ಸಿನ್, ಯಾರ್ ಮತ್ತು ಕೋಟೆ, ಲೆವೊಡೋಪಾದಿಂದ ಚೇತರಿಸಿಕೊಂಡಿದ್ದವರಿಗೆ ಪಿರಿಡಾಕ್ಸಿನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಕಾಯಿಲೆಯ ಲಕ್ಷಣಗಳು ಮರಳಿದ್ದನ್ನು ವರದಿ ಮಾಡಿದರು. ದಿನಕ್ಕೆ 10ರಿಂದ 25 ಮಿಲಿಗ್ರಾಂ ಪಿರಿಡಾಕ್ಸಿನ್ ಕೂಡ ಮದ್ದಿನ ಫಲವನ್ನು ಅಳಿಸಬಲ್ಲದೆಂದು ಔಷಧದ ಕೈಪಿಡಿಗಳು ಬರೆದುಕೊಂಡವು. ನಿಷೇಧದ ಮೂಲ ಇದೇ.

ಲೆವೊಡೋಪಾದ ಜೊತೆಗೆ ಕೊಡುವ ಕಾರ್ಬಿಡೋಪಾ ಎಂಬ ಮದ್ದು ಬಂದ ಮೇಲೆ ಲೆಕ್ಕ ಬದಲಾಯಿತು. ಅದು ಮಿದುಳಿನ ಹೊರಗೆ ಆ ಕಿಣ್ವವನ್ನು ಕಟ್ಟಿಹಾಕುತ್ತದೆ, ತಾನು ಮಾತ್ರ ಒಳಗೆ ದಾಟುವುದಿಲ್ಲ. ಲೆವೊಡೋಪಾ ಸುಮಾರು ಕಾಲು ಭಾಗಕ್ಕೆ ಇಳಿದರೂ ಸಾಕಾಯಿತು. ಪಿರಿಡಾಕ್ಸಿನ್ನಿನ ಕಾಟವೂ ತಪ್ಪಿತು. ಅಮೆರಿಕದಲ್ಲಿ ಈ ಜೋಡಿ ಮಾತ್ರೆಗೆ 1975ರಲ್ಲಿ ಅನುಮತಿ ಸಿಕ್ಕಿತು. ಇಂದು ಬರಿಯ ಲೆವೊಡೋಪಾ ಬರೆದುಕೊಡುವವರು ಅಪರೂಪ. ಹೀಗಿದ್ದೂ ಹಳೆಯ ನಿಷೇಧ ಬಾಯಿಂದ ಬಾಯಿಗೆ ಸಾಗುತ್ತಲೇ ಇದೆ.

ಈಚಿನ ಆತಂಕವಂತೂ ತದ್ವಿರುದ್ಧ. ಕಾರ್ಬಿಡೋಪಾ ಬಿ6ರ ಸಕ್ರಿಯ ರೂಪಕ್ಕೇ ಅಂಟಿಕೊಳ್ಳುವುದರಿಂದ, ಹೆಚ್ಚು ಪ್ರಮಾಣದಲ್ಲಿ ಪಡೆಯುವವರಲ್ಲಿ, ಮುಖ್ಯವಾಗಿ ಕರುಳಿಗೆ ನೇರವಾಗಿ ಈ ಜೋಡಿ ಮದ್ದಿನ ಜೆಲ್ ಹರಿಸಿಕೊಳ್ಳುವವರಲ್ಲಿ, ಬಿ6 ಕೊರತೆ ಕಂಡುಬಂದಿದೆ. ಕೆಲವರಿಗೆ ಅಪಸ್ಮಾರದಂಥ ಸೆಳವು ಬಂದ ವರದಿಗಳಿವೆ. ಇದಲ್ಲದೆ ಲೆವೊಡೋಪಾದ ವಿಘಟನೆಯಿಂದ ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಏರುತ್ತದೆ. ಅದನ್ನು ಇಳಿಸಲು ಬಿ12 ಮತ್ತು ಫೋಲೇಟ್ ಬೇಕು. ಇವುಗಳ ಕೊರತೆ ನರಗಳನ್ನು ಕೆಡಿಸಬಲ್ಲದಾದ್ದರಿಂದ, ಪಾದಗಳಲ್ಲಿ ಜೋಮು, ಉರಿ ಎಂದು ಬರುವ ಪಾರ್ಕಿನ್ಸನ್ ರೋಗಿಯ ರಕ್ತದಲ್ಲಿ ನರವೈದ್ಯರು ಇಂದು ಈ ಬಿ ವಿಟಮಿನ್‌ಗಳನ್ನೇ ಅಳೆದು ನೋಡುತ್ತಾರೆ.