ಎರಡನೇ ಮಹಾಯುದ್ಧ ನಡೆಯದಿದ್ದರೆ ಬೆಂಗಳೂರಿನಲ್ಲಿ ಎಚ್‌ಎಎಲ್ ಇರುತ್ತಿತ್ತೇ?

‘ಎರಡನೇ ಮಹಾಯುದ್ಧ ಆಗದಿದ್ದರೆ ಎಚ್‌ಎಎಲ್ ಇಲ್ಲ. ಎಚ್‌ಎಎಲ್ ಇಲ್ಲದಿದ್ದರೆ ಇಂದಿರಾನಗರವೂ ಇಲ್ಲ, ಐಟಿಯೂ ಇಲ್ಲ.’ ಈ ಧಾಟಿಯ ಮಾತು ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕೊನೆಯಲ್ಲಿ ಹಿಟ್ಲರ್‌ಗೆ ಥ್ಯಾಂಕ್ಸ್ ಹೇಳುವ ತಮಾಷೆ ಬೇರೆ. ಇದರಲ್ಲಿ ಎಷ್ಟು ನಿಜ? ನೋಡೋಣ.

ಮೊದಲ ವಾಕ್ಯ ಬಹುಮಟ್ಟಿಗೆ ಸರಿ. ಉದ್ಯಮಿ ವಾಲಚಂದ್ ಹೀರಾಚಂದ್ ಅವರಿಗೆ 1939ರಲ್ಲಿ ಅಮೆರಿಕದ ವಿಲಿಯಂ ಪಾಲಿ ಪರಿಚಯವಾದರು. ಪಾಲಿ ಆಗ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದರು. ಅಂಥದ್ದೇ ಒಂದನ್ನು ಭಾರತದಲ್ಲಿ ಕಟ್ಟುವ ಯೋಚನೆ ಹುಟ್ಟಿದ್ದು ಹಾಗೆ. ಶಾಂತಿಕಾಲದಲ್ಲಿ ಇದಕ್ಕೆ ಬ್ರಿಟಿಷ್ ಸರ್ಕಾರ ಒಪ್ಪುತ್ತಿದ್ದುದು ಅನುಮಾನ. ಯುದ್ಧ ಬಂತು, ವಿಮಾನ ಬೇಕಾಯಿತು, ಒಪ್ಪಿಗೆ ಸಿಕ್ಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. 1942ರಲ್ಲಿ ಭಾರತ ಸರ್ಕಾರ ವಾಲಚಂದ್ ಪಾಲನ್ನು ಕೊಂಡುಕೊಂಡಿತು. ಮರುವರ್ಷ ಕಾರ್ಖಾನೆ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ ದುರಸ್ತಿ ಕೇಂದ್ರವಾಯಿತು. ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಈಗಿನ ಆ ಕೆರೆಯ ನೊರೆ ನೋಡಿದವರಿಗೆ ನಂಬುವುದು ಕಷ್ಟ!

ಆದರೆ ಯುದ್ಧ ಇಡೀ ದೇಶಕ್ಕೆ ಬಂದಿತ್ತು. ಕಾರ್ಖಾನೆ ಬೆಂಗಳೂರಿಗೇ ಏಕೆ ಬಂತು? ಫಾರ್ವರ್ಡ್ ಇದನ್ನು ಹೇಳುವುದಿಲ್ಲ. ದಿವಾನ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರ 700 ಎಕರೆ ಜಾಗ ಕೊಟ್ಟು, 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. ಶಿವನಸಮುದ್ರದ ಕರೆಂಟು 1905ರಲ್ಲೇ ಊರಿಗೆ ಬಂದಿತ್ತು. 1909ರ ಭಾರತೀಯ ವಿಜ್ಞಾನ ಸಂಸ್ಥೆ, 1917ರ ಎಂಜಿನಿಯರಿಂಗ್ ಕಾಲೇಜು ಇದ್ದವು. ಇವು ಯಾವುವೂ ಹಿಟ್ಲರ್‌ನಿಂದ ಬಂದವಲ್ಲ.

ಐಟಿಯ ಮಾತು ಇನ್ನೂ ಸಡಿಲ. ಕೆ.ಆರ್. ಪುರದ ಹತ್ತಿರ ಐಟಿಐ ಶುರುವಾದದ್ದು 1948ರಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದು 1985ರಲ್ಲಿ. ನಡುವಿನ ದಶಕಗಳಲ್ಲಿ ಬೇರೆ ಬೇರೆ ಸರ್ಕಾರಗಳು ಎಷ್ಟೋ ತೀರ್ಮಾನ ಮಾಡಿದವು. ಅವುಗಳಲ್ಲಿ ಒಂದು ತಪ್ಪಿದ್ದರೂ ಸರಪಳಿ ತುಂಡಾಗುತ್ತಿತ್ತು. ವಿಮಾನಪುರ, ದೂರವಾಣಿನಗರ ಎಂಬ ಹೆಸರುಗಳು ಕಾರ್ಖಾನೆಗಳ ಗುರುತು ಹೌದು. ಅಲ್ಲಿಂದ ಸಾಫ್ಟ್‌ವೇರ್‌ಗೆ ನೇರ ಗೆರೆ ಎಳೆಯಲು ನಾವು ಒಪ್ಪುವುದಿಲ್ಲ.

ಥ್ಯಾಂಕ್ಸ್ ತಮಾಷೆಯಂತೂ ನಮಗೆ ರುಚಿಸಲಿಲ್ಲ. ಅದೇ ಯುದ್ಧದ ನಡುವೆ, 1943ರ ಬಂಗಾಳದ ಬರಗಾಲದಲ್ಲಿ ಲಕ್ಷಾಂತರ ಜನ ಸತ್ತರು.

ಯುದ್ಧ ನಮ್ಮಿಂದ ಕಿತ್ತುಕೊಂಡದ್ದೂ ಇದೆ. ಭಾರತದಲ್ಲಿ ಕಾರು ತಯಾರಾಗಬೇಕೆಂದು ವಿಶ್ವೇಶ್ವರಯ್ಯನವರು 1930ರ ದಶಕದಿಂದಲೇ ಓಡಾಡುತ್ತಿದ್ದರು. ಜೊತೆಗಿದ್ದವರು ಇದೇ ವಾಲಚಂದ್. ಬೆಂಗಳೂರಿನಲ್ಲಿ ಕಾರ್ಖಾನೆ ಮಾಡಲು ಮೈಸೂರು ಸರ್ಕಾರವೂ ಉತ್ಸಾಹ ತೋರಿತ್ತು. ಯುದ್ಧಕ್ಕೆ ಇದರಿಂದ ಉಪಯೋಗವಿಲ್ಲವೆಂದು ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ವಾಲಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ್ದು ಬೊಂಬಾಯಿಯಲ್ಲಿ. ಯುದ್ಧ ನಡೆಯದಿದ್ದರೆ ಬೆಂಗಳೂರು ವಿಮಾನದ ಬದಲು ಕಾರಿನ ಊರಾಗುತ್ತಿತ್ತೇನೋ. ಫಾರ್ವರ್ಡ್ ಮಾಡುವುದಿದ್ದರೆ ಈ ಸಾಲನ್ನೂ ಸೇರಿಸಿ ಕಳಿಸಿ.